ಹಸ್ತೆ

ಬಾಗಿಲ ಹಿಂದ, ಕ್ಯಾಲೆಂಡರಿನ ಮೊಳಿ ಕೆಳಗ
ಪೆನ್ಸಿಲ್ಲಿನ ಅಂಕಿ:
೩೩೦೭, ಗಂಗಾಧರ ಕಂಪೌಂಡರ್, ಹೋಗುವಾಗ.
೩೩೦೯, ನರ್ಸಬಾಯಿ, ಬರುವಾಗ.
ನಡುವಿನ ಎರಡು ಯುನಿಟ್ ಯಾರ್ದು?
ಸುಣ್ಣದಾಂವ ರಾತ್ರಿ ಬಲ್ಬ್ ಹಚ್ಚಿ ಗೋಡಿ ಬಳದಿದ್ದ.
ಆ ಬೆಳಕು ನನ್ನ ಲೆಕ್ಕಕ್ಕ.
ಅವಗ ಹೇಳಿದ್ದೆ, ಇದೊಂದು ಗೇಣು ಬಿಡಪಾ,
ಇದು ಹೊಲಸಲ್ಲ, ವಹಿ.

ನರ್ಸಬಾಯಿ ಆದಮ್ಯಾಲ ಬಂದಾವರು
ಬಾಲರಾಜ ಕೊಂಡಾ, ಅವನ ಹೇಣ್ತಿ, ಎರಡು ಕೂಸು.
ಅಕಿ ರಾತ್ರಿಯೆಲ್ಲ ಮೋಟಾರ್ ಮಷಿನ್ ಮ್ಯಾಲ
ನೈಟಿ ಹೊಲೀತಿದ್ಲು, ಡಜನ್ನಿಗಿಷ್ಟು ಅಂತ.
ನನ್ನ ದಿಂಬಿನೊಳಗ ಆ ಸಪ್ಪಳ ಬರ್ತಿತ್ತು.
ಅವರ ಸಾಲಿಗಿ ‘ಬರುವಾಗ’ ಅದ,
‘ಹೋಗುವಾಗ’ ಇಲ್ಲ.
ಮೂರು ತಿಂಗಳ ಬಿಲ್ಲು ಚೌಕಟ್ಟಿಗಿ ಸಿಗಿಸಿ
ನಸಿಕಿನ್ಯಾಗ ಹೋಗಿಬಿಟ್ಟಿದ್ರು.
ಆದರ ಹಿಂದಿನ ದಿನ ನಳ ಬಂದಿತ್ತು.
ಐದು ದಿನಕ್ಕೊಮ್ಮೆ ಬರೂ ನೀರು,
ಎರಡೂ ಡ್ರಮ್ ಕಂಠಮಟ ತುಂಬಿ
ಮ್ಯಾಲ ಅರಿವಿ ಮುಚ್ಚಿ ಹೋಗಿದ್ರು.
ಯಾರ ಸಲುವಾಗಿ?
ಎಂಟು ದಿನ ಬೈಕೋತ ಅದೇ ನೀರು ಬಳಸಿದೆ.

ಲೈಟಿನ ಆಫೀಸಿನಾಗ ಕ್ಲಾರ್ಕ ಅಂದ:
“ಬಾಕಿ ಮೀಟರಿಂದು ಬಾಯಿ, ಮಂದೀದಲ್ಲ.”
ಸಿಟ್ಟು ಕನ್ನಡದಾಗ ಬಂತು,
ರೊಕ್ಕ ಮರಾಠಿಯಾಗ ಎಣಿಸಿ ಕೊಟ್ಟೆ.

ಘರಪಟ್ಟಿ ಮತ್ತೊಂದು ಕಥಿ.
ಮಾಲಕ: ರೇವಣಸಿದ್ಧ. ನಮ್ಮ ಮಾವ.
ತೀರಿಕೊಂಡು ಇಪ್ಪತ್ತೆರಡು ವರ್ಷ,
ಇನ್ನೂ ತಪ್ಪದ ಪ್ರತಿ ವರ್ಷ ಬಡ್ಡಿಯ ಹೆದರಿಕಿ ಅವಗ ಬರ್ತದ.
ಭೋಗವಟಾದಾರ: ಅಂಬಾದಾಸ ಚಿಲಕಾ.
ಮಿಲ್ಲು ಮುಚ್ಚಿದಾಗ ಭಿವಂಡಿ ಕಡೆ ಹೋದಾಂವ.
ಏನು ಭೋಗ ಪಟ್ಟನೋ ಪುಣ್ಯಾತ್ಮ,
ಹತ್ತು ಬೈ ಹತ್ತರ ಖೋಲಿ, ತೂತು ಬಿದ್ದ ಪತ್ರಾ,
ಮಳಿಗಾಲದಾಗ ಹಾಸಗಿ ನಡುವ ಒಂದು ಬುಟ್ಟಿ.
ಅವನ ಹಿಂದ ಆರು ಮಂದಿ ಬಂದು ಹೋದರೂ
ಕಾಗದದಾಗ ಅವ ಖೋಲಿ ಬಿಟ್ಟಿಲ್ಲ.

ಈ ಸರ್ತಿ ಬಂದಾಕಿ ತೇಜಸ್ವಿನಿ ಗವಳಿ,
ರಕ್ತ ತಪಾಸಣಿಯ ಲ್ಯಾಬಿನಾಕಿ.
ಗ್ಯಾಸಿಗಿ ಪತ್ತೆ ಬೇಕಂತ ಬಿಲ್ಲು ಕೇಳಿದ್ಲು.
“ಇವರು ಯಾರು ಕಾಕೂ?”
“ನಮ್ಮ ಮಾವ.”
“ಒಂದು ಸಹಿ ಮಾಡ್ತಾರೇನು?”
ನಾ ನಕ್ಕೆ. ಅಕಿಗಿ ತಿಳೀಲಿಲ್ಲ,
ಆಮ್ಯಾಲ ತಿಳಿದು ನಾಲಿಗಿ ಕಚ್ಚಿದ್ಲು.
ಕಾಗದ ತಿರುವಿ ಮುರುವಿ ನೋಡಿ ಕೇಳಿದ್ಲು:
“ಮತ್ತ ಇದರಾಗ ನೀವೆಲ್ಲಿದ್ದೀರಿ?”

ಟ್ರಂಕಿನಿಂದ ಪಾವತಿ ತಗದೆ.
ವರ್ಷಕ್ಕೊಂದರಂತೆ ಇಪ್ಪತ್ತೆರಡು,
ಜಿರಳಿ ತಿಂದ ಅಂಚು.
ಎಲ್ಲದರ ಕೆಳಗ, ಶಿಕ್ಕೆಯ ಮಗ್ಗಲಕ್ಕ,
ಹಸ್ತೆ: ನೀಲವ್ವ.
ಒಂದರಾಗ ನಿಲವಾ. ಒಂದರಾಗ ಬರೇ ನೀ.
ಕೈ ಅಷ್ಟೇ ನಂದು ಅಲ್ಲಿ.
ಮಾಲಕಿ ಅಲ್ಲ, ಇರೂವಾಕಿ ಅಲ್ಲ,
ರೊಕ್ಕ ಚಾಚಿದ ಕೈ.

ಹೆಸರು ಬದಲಿಗಿ ಹೋಗಿದ್ದೆ ಒಮ್ಮೆ.
ವಾರಸಾ ದಾಖಲೆ, ಅಫಿಡವಿಟ್ಟು,
ಮೈದುನರಿಬ್ಬರ ಒಪ್ಪಿಗಿ.
ಒಬ್ಬ ಮಾತಾಡೂದಿಲ್ಲ, ಒಬ್ಬ ಬಾಳ ಮಾತಾಡ್ತಾನ.
ಫಾರ್ಮು ಇನ್ನೂ ಸಕ್ಕರಿ ಡಬ್ಬಿ ಕೆಳಗ ಅದ.
ಅರ್ಧ ತುಂಬೀನಿ. ಪೂರಾ ಹೆಸರು ಅನ್ನೂ ಖಾನೆ
ಪೆನ್ಸಿಲ್ಲಿಂದ ತುಂಬೀನಿ.

ಸಂಜಿಗಿ ಇಬ್ಬರೂ ಜಿನಿ ಕೆಳಗ ನಿಂತ್ವಿ.
ಮೊಬೈಲಿನ ಬೆಳಕು ಹಿಡಿದು ಅಕಿ ಓದಿದ್ಲು:
ನಾಕು, ಒಂದು, ಒಂದು...
ಕಡೀ ಅಂಕಿ ಎಂಟು ಬಿಟ್ಟಿತ್ತು, ಒಂಬತ್ತು ಮುಟ್ಟಿರಲಿಲ್ಲ,
ಎರಡರ ನಡುವ ಜೋತು ಬಿದ್ದಿತ್ತು.
“ಎಂಟ ಬರೀಲೇನು ಕಾಕೂ?”
“ಒಂಬತ್ತ ಬರಿಯವಾ,” ಅಂದೆ,
“ನಡುವಿಂದು ಯಾವಾಗಲೂ ನಂದ.”

ಬಾಗಿಲ ಹಿಂದ ಬರದು ಮುಗಿಸಿರಲಿಲ್ಲ,
ಅಂಗಳದಾಗ ನಳ ಕೆಮ್ಮಿತು.
ಪೆನ್ಸಿಲ್ ಅಲ್ಲೇ ಒಗದು
ಕೊಡ ಹುಡುಕ್ಕೋತ ಓಡಿದ್ವಿ.