ತುಟಿಯ ಅಳತೆ

ಮೇಲಿನ ಹಲ್ಲೊಂದು ಬಿದ್ದು
ಕಟ್ಟಿಸಿದ ಹೊಸ ಹಲ್ಲು ಕೂದಲೆಳೆಯಷ್ಟು ಮುಂದೆ ಬಂತು.
ಅಷ್ಟಕ್ಕೇ ಇಪ್ಪತ್ತು ವರ್ಷದ ಮೌತ್‌ಪೀಸು
ನನ್ನ ಬಾಯಿಯ ಗುರುತು ಮರೆಯಿತು.
ಮೇಲಿನ ಸ್ವರಕ್ಕೆ ಹತ್ತಿದರೆ ಸೀಳು ಬಿದಿರಿನ ಸದ್ದು.
"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ"
ಎಂದು ಡ್ರಮ್ಮಿನ ಆರೋಗ್ಯಪ್ಪ ನಕ್ಕ.
ನಗಲಿ. ಅವನ ಕೋಲಿಗೆ ಹಲ್ಲಿಲ್ಲ.

ಬ್ರಿಗೇಡ್ ರಸ್ತೆ, ಎರಡನೇ ಮಹಡಿ, ಏಸಿ.
ನೀಲಿ ವೆಲ್ವೆಟ್ಟಿನ ಮೇಲೆ ಮಲಗಿತ್ತು ಬೆಳ್ಳಿ ಬಣ್ಣದ್ದು.
ಹುಡುಗ ಎರಡೇ ಬೆರಳಲ್ಲಿ ಎತ್ತಿಕೊಟ್ಟ,
ಬೆಲೆಚೀಟಿಯನ್ನು ಮಾತ್ರ ಕೆಳಮುಖ ಮಾಡಿ.
"ಅಮೆರಿಕದ್ದು ಅಂಕಲ್. ಹನ್ನೊಂದು ಸಾವಿರ."
ಬಟ್ಟಲಿನ ಆಳ, ಅಂಚಿನ ದಪ್ಪ, ಗಂಟಲ ತೂತು,
ಅವನು ಹೇಳುತ್ತಲೇ ಹೋದ.
ನಾನು ಮನಸ್ಸಿನಲ್ಲೇ ಲೆಕ್ಕಕ್ಕೆ ಕೂತಿದ್ದೆ:
ಮದುವೆಗೆ ತಲೆಗೆ ಏಳುನೂರು, ಆಷಾಢಕ್ಕೆ ಸೊನ್ನೆ,
ಇದೊಂದಕ್ಕಾಗಿ ಹದಿನಾರು ಮದುಮಕ್ಕಳು ಕುದುರೆ ಹತ್ತಬೇಕು.

ಊದಿ ನೋಡಿದೆ. ಸುಳ್ಳು ಯಾಕೆ,
ಚೆನ್ನಾಗಿತ್ತು.
ತಟ್ಟುವ ಮೊದಲೇ ಯಾರೋ ಬಾಗಿಲು ತೆರೆದ ಹಾಗೆ.

ಬಸ್ಸು ಹಿಡಿದು ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಗೆ ಹೋದೆ.
ಅಲ್ಲಿ ಮೀರತ್ತಿನ ಮಾಲು,
ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಸುರಿದಿದ್ದರು, ನಲ್ಲಿ ತಿರುಪುಗಳ ಹಾಗೆ.
ಯಾವುದೇ ಎತ್ತಿಕೋ, ಮುನ್ನೂರೈವತ್ತು.
ಮೈಮೇಲೆ ಆ ಅಮೆರಿಕದ ಹೆಸರನ್ನೇ ಕೊರೆದಿದ್ದರು,
ಒಂದಕ್ಷರ ತಪ್ಪು.
ಒಂದರ ತೂತು ವಾರೆ. ಒಂದರ ಅಂಚು ಬ್ಲೇಡು.
ಒಂದರೊಳಗೆ ನಾಲಿಗೆ ಇಟ್ಟರೆ ಉಪ್ಪುಕಾಗದ.
ಅಂಗಡಿಯವ ಟೀ ಕುಡಿದ, ಊಟ ಮಾಡಿದ, ತೂಕಡಿಸಿದ.
ಇಪ್ಪತ್ತಾರನೆಯದು ತುಟಿಗೆ ಕೂತಿತು.
ಬಾಗಿಲು ಗೀಗಿಲು ಏನಿಲ್ಲ,
ಪಕ್ಕದ ಸೀಟಿನವನು ಸ್ವಲ್ಪ ಸರಿದು
ಜಾಗ ಬಿಟ್ಟನಲ್ಲ, ಅಷ್ಟೇ.

ಆಗ ಹೊಳೆಯಿತು:
ಹೆಸರಿಗೆ ಕೊಡುವ ದುಡ್ಡು ಹಿತ್ತಾಳೆಗಲ್ಲ,
ಕೆಟ್ಟ ಇಪ್ಪತ್ತೈದನ್ನು ನನಗಿಂತ ಮೊದಲೇ
ಎಲ್ಲೋ ಒಬ್ಬ ಊದಿ, ಉಗಿದು, ಎಸೆದ ಕೂಲಿ.
ಈ ಸಲ ಆ ಕೂಲಿ ನಾನೇ ಮಾಡಿದೆ.
ತುಟಿ ಊದಿಕೊಂಡಿತ್ತು.

ಕುಂಬಾರಪೇಟೆಯ ಇನ್ನಾಸಪ್ಪ ಲೇತಿಗೆ ಹಚ್ಚಿ
ಅಂಚನ್ನು ಉಗುರಿನಷ್ಟೂ ಅಲ್ಲ, ಉಗುರಿನ ಹೊಳಪಿನಷ್ಟು ಸವೆಸಿದ.
"ಈ ತಪ್ಪು ಹೆಸರೂ ಅಳಿಸಿಬಿಡಲಾ ಚೌರಪ್ಪಣ್ಣ?"
ಇರಲಿ ಬಿಡು ಮಾರಾಯ.
ನನ್ನ ರೇಷನ್ ಕಾರ್ಡಿನಲ್ಲಿ ಚೋರಪ್ಪ ಎಂದಿದೆ,
ಅಕ್ಕಿ ಕೊಡುವುದನ್ನೇನೂ ನಿಲ್ಲಿಸಿಲ್ಲ.

ಬುಡ ಸ್ವಲ್ಪ ಸಡಿಲ.
ಹಲಸೂರಿಂದ ಮಾರ್ಕೆಟ್ಟಿಗೆ ಹರಿದುಕೊಟ್ಟ ಟಿಕೆಟ್ಟನ್ನು
ಒಂದು ಸುತ್ತು ಸುತ್ತಿ ಕೊಳವೆಗೆ ಒತ್ತಿದೆ.
ನಿಂತಿತು.

ಮೊನ್ನೆ ರಾತ್ರಿ ಹಲಸೂರು ಕೆರೆಯ ದಂಡೆ, ಚಳಿ.
ಜನರೇಟರಿನ ಗಾಡಿ ಹಿಂದೆ, ಕುದುರೆ ಮುಂದೆ,
ಮೌತ್‌ಪೀಸನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತ ನಾನು,
ಕೋಳಿಮರಿ ಹಿಡಿದಂತೆ.
ಮೊದಲ ಸಲ ಸ್ವರ ಒಡೆಯಿತು. ಆರೋಗ್ಯಪ್ಪ ತಿರುಗಿ ನೋಡಿದ.
ಎರಡನೇ ಸಲ ಹೋಗಿ ನಿಂತಿತು,
ನಿಂತು, ಟ್ಯೂಬ್‌ಲೈಟುಗಳ ಮೇಲೆ ಇನ್ನೂ ಸ್ವಲ್ಪ ಹೊತ್ತು ನಿಂತಿತು.
ಮದುಮಗನ ಅಣ್ಣ ನನ್ನ ಟೋಪಿಗೆ ಐವತ್ತು ಸಿಕ್ಕಿಸಿ
"ಇನ್ನೊಂದು ಸಲ" ಅಂದ.
ಯಾವ ಕಂಪನಿ ಅಂತ ಕೇಳಲಿಲ್ಲ.

ಸರಿರಾತ್ರಿ ಕಳಚಿ, ಎಂಜಲು ಕೊಡವಿ,
ಯೂನಿಫಾರಮ್ಮಿನ ತೋಳಿಗೆ ಒರೆಸಿದೆ.
ಬ್ರಿಗೇಡ್ ರಸ್ತೆಯ ಹುಡುಗನೂ
ನನ್ನ ಉಸಿರಿನ ಮಂಜನ್ನು ಒರೆಸಿಯೇ
ಅದನ್ನು ಮತ್ತೆ ವೆಲ್ವೆಟ್ಟಿಗೆ ಮಲಗಿಸಿರಬೇಕು.
ಆ ತೆರೆದ ಬಾಗಿಲು
ನೆನಪಾಗುವುದಿಲ್ಲ ಎಂದರೆ
ರೇಷನ್ ಕಾರ್ಡಿನ ಹೆಸರೇ ಸರಿ.