ಹಸಿರು-ಹಳದಿ ತಂತಿ

ಎಬೊ, ಕೆಳಗಿಡು ಆ ಸ್ಕ್ರೂಡ್ರೈವರು.
ಪ್ಲಗ್ಗಿನ ಹೊಟ್ಟೆ ಬಿಚ್ಚಿ ಹಸಿರು-ಹಳದಿ ತಂತಿ ಕಿತ್ತರೆ
ಈ ಗುಂಯ್‌ಗಾಟ ನಿಲ್ಲುತ್ತದೆ, ಗೊತ್ತು.
ನಾನೂ ಒಮ್ಮೆ ಹಾಗೆಯೇ ನಿಲ್ಲಿಸಿದ್ದೆ.

ಸೆಕೊಂಡಿಯ ಮರಳ ಮೇಲೆ ಶಾಮಿಯಾನ,
ಕೆಂಪು ಕಪ್ಪು ಉಟ್ಟ ಹೆಂಗಸರು,
ಮುನ್ನೂರು ಪ್ಲಾಸ್ಟಿಕ್ ಕುರ್ಚಿ.
ಸತ್ತವನಿಗೆ ಒಂಬತ್ತು ದೋಣಿ, ಹನ್ನೊಂದು ಮಕ್ಕಳು.
ಹನ್ನೊಂದು ಮಂದಿಯೂ ಕೇಳಿದ್ದು ಒಂದೇ:
ಸದ್ದು ಬಂದರಿನ ಆಚೆಗೂ ಮುಟ್ಟಬೇಕು.
ಸತ್ತವರಿಗೆ ಕಿವಿ ಮಂದ, ಏನು ಮಾಡುವುದು.

ಆದರೆ ಸ್ಪೀಕರು ಗೊಣಗುತ್ತಿದೆ,
ಸೆಕೆಂಡಿಗೆ ಐವತ್ತು ಸಲ ನಡುಗುವ ಗೊಣಗು.
ಬಾಯಿ ಮುಚ್ಚಿಸುವ ಮೊದಲು ಕೇಳು,
ಏನೋ ಹೇಳುತ್ತಿದೆ ಅದು.

ಈ ಮೈಕಿನ ಕೇಬಲ್ಲು ಸುಲಿದು ನೋಡು:
ಒಳಗೆ ಎರಡು ತಂತಿ, ಸುತ್ತ ಒಂದು ಜಾಲರಿ.
ಎರಡರಲ್ಲೂ ಅದೇ ಹಾಡು,
ಒಂದರಲ್ಲಿ ನೆಟ್ಟಗೆ, ಇನ್ನೊಂದರಲ್ಲಿ ತಲೆಕೆಳಗೆ.
ದಾರಿಯ ಕೊಳೆ ಎರಡಕ್ಕೂ ಸಮಸಮ ಮೆತ್ತುತ್ತದೆ.
ಮಿಕ್ಸರಿನ ಹೊಸ್ತಿಲಲ್ಲಿ
ತಲೆಕೆಳಗಾದವಳನ್ನು ತಿರುವಿ ನಿಲ್ಲಿಸಿ ಕೂಡಿದರೆ
ಹಾಡು ಇಮ್ಮಡಿ,
ಕೊಳೆ ಕೊಳೆಯನ್ನೇ ತಿಂದು ಸೊನ್ನೆ.

ಅವಳಿಗಳಲ್ಲಿ ಮೊದಲು ಬಂದವಳು ಪಾನ್ಯಿನ್.
ಹಿಂದೆ ಬಂದವಳು ಕಾಕ್ರಾ, ನಾನು.
ಅವಳು ಹೂಂ ಅಂದರೆ ನಾನು ಊಹೂಂ.
ಅವಳು ಹಾಡುತ್ತಿದ್ದಳು.
ನಾನು ಕೇಬಲ್ಲು ಸುತ್ತುತ್ತಿದ್ದೆ.

ಕೇಪ್ ಕೋಸ್ಟಿನಲ್ಲಿ ಒಂದು ಶನಿವಾರ, ನಮಗೆ ಇಪ್ಪತ್ತೆರಡು.
ಗಿಟಾರಿನ ಆಂಪ್ಲಿಫೈಯರು ಗೊಣಗಿತು,
ಜನ ಶಿಳ್ಳೆ ಹಾಕಿದರು,
ನಾನು ಇದೇ ತಂತಿ ಕಿತ್ತು ಟೇಪು ಸುತ್ತಿದೆ.
ಎಂಥ ನಿಶ್ಶಬ್ದ, ಎಬೊ!
ಚಪ್ಪಾಳೆ ತಟ್ಟಿದರು ನನಗೆ, ಮೊದಲ ಸಲ.

ಆ ಪೆಟ್ಟಿಗೆಯೊಳಗೆ ಎಲ್ಲೋ ಕರೆಂಟು ಸೋರುತ್ತಿತ್ತು.
ಸೋರಿದ್ದು ನೆಲಕ್ಕಿಳಿಯಲು ಇದ್ದ ಒಂದೇ ಮೆಟ್ಟಿಲನ್ನು
ನಾನು ಟೇಪು ಸುತ್ತಿ ಮುಚ್ಚಿದ್ದೆ.
ಪಾನ್ಯಿನ್ ಗಿಟಾರಿನ ತಂತಿ ಮೇಲೆ ಬೆರಳಿಟ್ಟಳು,
ಕಣ್ಣು ಮುಚ್ಚಿ ಮೈಕಿಗೆ ತುಟಿ ತಾಗಿಸಿದಳು.
ಕರೆಂಟಿಗೆ ಮೆಟ್ಟಿಲು ಸಿಕ್ಕಿತು.

ಬದುಕಿದಳು, ಹೆದರಬೇಡ.
ತೆಮಾದಲ್ಲಿ ಬಟ್ಟೆಯಂಗಡಿ ಇಟ್ಟಿದ್ದಾಳೆ.
ಮೇಲ್ತುಟಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಗುರುತು.
ಫೋನು ಮಾಡಿದರೆ ಗಜದ ಬೆಲೆ ಹೇಳುತ್ತಾಳೆ,
ಮೊಣಕಾಲು ನೋವು ಹೇಳುತ್ತಾಳೆ,
ಹಾಡು ಹೇಳುವುದಿಲ್ಲ.
ಒಂದು ತಂತಿ ಕಡಿದ ಕೇಬಲ್ಲಿನಲ್ಲೂ ಸದ್ದು ಬರುತ್ತದೆ,
ತೆಳ್ಳಗೆ.
ಕೊಳೆ ಮಾತ್ರ ಕಳೆಯುವವರಿಲ್ಲ.

ಸಾಕು. ಏಳು, ಹುಡುಕು.
ಮಿಕ್ಸರಿಗೆ ಕರೆಂಟು ಎಲ್ಲಿಂದ?
ಜನರೇಟರಿನಿಂದ.
ಕೀಬೋರ್ಡಿಗೆ?
ಪಕ್ಕದ ಮನೆಯ ಕಿಟಕಿಯಿಂದ!
ಅಲ್ಲೇ ಕೂತಿದ್ದಾನೆ ಕಳ್ಳ.
ಅವರ ಅರ್ತ್ ಒಂದು, ನಮ್ಮ ಅರ್ತ್ ಒಂದು,
ಎರಡಕ್ಕೂ ಇರುವ ಒಂದಿಷ್ಟು ಏರುಪೇರು
ಜಾಲರಿ ಹಿಡಿದು ಸುತ್ತು ಹೊಡೆಯುತ್ತಿದೆ.
ಎಲ್ಲ ಪ್ಲಗ್ಗೂ ಒಂದೇ ಬೋರ್ಡಿಗೆ ತಾ.
ಆ ತಾಮ್ರದ ಸಲಾಕೆ ಇನ್ನೂ ಎರಡು ಮೊಳ ಬಡಿ.
ಒಣ ಮರಳು ಏನನ್ನೂ ನುಂಗುವುದಿಲ್ಲ,
ಒಂದು ಬಕೆಟ್ಟು ಸಮುದ್ರ ಸುರಿ ಅದರ ಬುಡಕ್ಕೆ.

ಅತ್ತ ಎಗ್ಯಾ ಬೆಂತಿಲ್ ಜಿನ್ ಬಾಟಲಿ ಬಗ್ಗಿಸಿ
ಹಿರೀಕರ ಹೆಸರು ಕರೆಕರೆದು
ನೆಲಕ್ಕೆ ಹನಿಸುತ್ತಿದ್ದಾನೆ.
ಇತ್ತ ನೀನು, ಬಕೆಟ್ಟು.
ನಗಬೇಡವೋ.
ಇಬ್ಬರದೂ ಒಂದೇ ಕೆಲಸ ಅನ್ನಲಾರೆ,
ಅವನದು ದುಬಾರಿ.

ನಿಂತಿತೆ?
ನಿಂತಿತು. ಅಲೆಯ ಸದ್ದು ಕೇಳುತ್ತಿದೆ ಈಗ.

ಇನ್ನು ಗೇನ್ ಮೊದಲು, ಫೇಡರ್ ಆಮೇಲೆ.
ಕೆಂಪು ದೀಪ ಮಿಣುಕಿದರೆ ಇಳಿಸು,
ಹನ್ನೊಂದು ಮಕ್ಕಳು ಬಂದು ಬೈದರೂ ಇಳಿಸು.
ಮೀಟರಿನ ಒಂದು ಮುಳ್ಳು ಗಿಟಾರಿಗೆ, ಒಂದು ಮೈಕಿಗೆ.
ಸೊನ್ನೆ ತಾನೇ?
ಇನ್ನೊಮ್ಮೆ ನೋಡು.
ಸೊನ್ನೆ.

ಹಾಡುವ ಹುಡುಗಿ ಇನ್ನೂ ತಲೆಗೆ ಬಟ್ಟೆ ಕಟ್ಟುತ್ತಿದ್ದಾಳೆ,
ಅವಸರವಿಲ್ಲ.
ಮೀಟರು ಹೇಳಿದ್ದು ಸರಿ.
ಆದರೂ ಮೊದಲ ತುಟಿ ನನ್ನದು.
ಕೊಡಿಲ್ಲಿ ಗಿಟಾರು.