ಬುಟ್ಟಿ ಲೆಕ್ಕ

ನಮ್ಮ ಬೋಟಿನಲ್ಲಿ ಬಲೆಯಿಲ್ಲ.
ಇದನ್ನು ಮೊದಲೇ ಹೇಳಿಬಿಡಬೇಕು.
ಬೈತಖೋಲದ ಧಕ್ಕೆಯಲ್ಲಿ ಇಳಿಸುವಾಗ
ಹೆಂಗಸರು ಕೇಳುತ್ತಾರೆ, ಎಲ್ಲಿ ಬಿತ್ತು ಈ ಬಂಗಡೆ?
ಬಿದ್ದದ್ದು ಬೇರೆಯವರಿಗೆ.
ನಾವು ಹೊತ್ತು ತಂದವರು.

ಹೋಗುವಾಗ ಬರ್ಫ, ಡೀಸೆಲ್ಲು, ಎರಡು ಪೀಪಾಯಿ ಸಿಹಿನೀರು,
ಒಂದು ಗೋಣಿ ಕುಚ್ಚಲಕ್ಕಿ, ಬೀಡಿಯ ಕಟ್ಟು,
ಜ್ವರ ಬಂದ ಒಡಿಶಾದ ಹುಡುಗ ಸುಕಾಂತನಿಗೆ ಆರು ಮಾತ್ರೆ.
ಕೂರ್ಮಗಡ ದಾಟಿ ಸ್ವಲ್ಪ ದೂರ ಫೋನು ತೆವಳುತ್ತದೆ,
ಆಮೇಲೆ ಸಾಯುತ್ತದೆ.
ಅಲ್ಲಿಂದ ಮುಂದೆ ಸುದ್ದಿಯೂ ನಮ್ಮದೇ ಹೊರೆ.
ಆ ರಾತ್ರಿ ನನ್ನ ಬಾಯಲ್ಲಿ ಇದ್ದದ್ದು:
ಜಯವಂತ ಮಾಜಾಳಿಕರನ ಮಗಳು
ಎರಡನೇ ಸಲ ಬರೆದ ಗಣಿತದಲ್ಲಿ ಪಾಸು.

ಅಮಾವಾಸ್ಯೆಯ ಎದುರುಬದಿ.
ಮೀನು ಹೊರಳಿದರೆ ನೀರು ಹೊಳೆಯುವಷ್ಟು ಕತ್ತಲು.
ಎರಡು ಬೋಟಿನ ನಡುವೆ ಹಳೇ ಲಾರಿಯ ಟಯರು, ಹಗ್ಗ,
ತೆರೆ ಎತ್ತಿದಾಗ ಅವರು ಮೇಲೆ, ಇಳಿದಾಗ ನಾವು.
'ಅಲ್ಲಿ ಕೈ ಇಡಬೇಡ' ಅನ್ನುತ್ತಾನೆ ಖೇಮು ತಾಂಡೇಲ,
ಅನ್ನುತ್ತ ತನ್ನ ಎಡಗೈ ತೋರಿಸುತ್ತಾನೆ:
ಮೂರೂವರೆ ಬೆರಳು.

ಮೊದಲ ಬುಟ್ಟಿಗೆ ಒಂದು ಅನ್ನುವುದಿಲ್ಲ.
ಲಾಭ, ಅನ್ನುತ್ತಾರೆ ಕೊಡುವವರು. ಆಮೇಲೆ ಎರಡು.
ನಾನು ಬರೆಯುತ್ತೇನೆ, ಮೊಣಕಾಲ ಮೇಲೆ ಪುಸ್ತಕ,
ಪೆನ್ನು ಉಪ್ಪಿಗೆ ಸೋಲುತ್ತದೆಂದು ಪೆನ್ಸಿಲ್ಲು.
ಪುಟಕ್ಕೆ ಪರೆ ಅಂಟುತ್ತದೆ. ಒಣಗಿದ ಮೇಲೆ
ಮನೆಯಲ್ಲಿ ತೆರೆದರೆ ಅಂಕಿಗಳ ನಡುವೆ ಮಿಣುಕುತ್ತವೆ,
ನನ್ನ ಹೆಂಡತಿ ಉಗುರಿನಿಂದ ಕೆರೆಯುತ್ತಾಳೆ,
ಅದರೊಂದಿಗೆ ಒಮ್ಮೊಮ್ಮೆ ಒಂದು ಸೊನ್ನೆಯೂ ಹೋಗುತ್ತದೆ.

ಖೇಮು ತಾಂಡೇಲ ಕಲಿಸಿದ ಇನ್ನೊಂದು:
ನೀರಿನ ಮೇಲೆ 'ಸಾಕು' ಅನ್ನಬಾರದು.
ಊಟಕ್ಕೆ ಬಡಿಸುವಾಗಲೂ. ತಟ್ಟೆಯ ಮೇಲೆ ಅಂಗೈ ಹಿಡಿ, ಅಷ್ಟೆ.
ಬೇಕಾದರೆ 'ಅಡ್ಡಿಲ್ಲ' ಅನ್ನು.

ಎರಡು ಗಂಟೆಯ ಹೊತ್ತಿಗೆ ನಾವು ತುಂಬಿದ್ದೆವು.
ಇನ್ನೂರ ಹನ್ನೊಂದು. ಅಂಚಿನ ಹಲಗೆಗೂ ನೀರಿಗೂ
ಒಂದು ಗೇಣು ಅಂತರ.
ಆಗ ವೈರ್‌ಲೆಸ್ಸಿನಲ್ಲಿ ಜಯವಂತ:
'ಬಾ ಮಾರಾಯ, ಬಲೆ ತುಂಬ ಅದೆ,
ನೂರಕ್ಕೂ ಹೆಚ್ಚು ಅದೆ, ಹರಿದುಹೋಗ್ತದೆ, ಬೇಗ ಬಾ.'
ಖೇಮು ತಾಂಡೇಲ ಚುಕ್ಕಾಣಿ ಬಿಡಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.
ನಾನು ಗುಂಡಿ ಒತ್ತಿದೆ.
ಅಡ್ಡಿಲ್ಲ ಅನ್ನಲು ಅದು ಜಾಗವಾಗಿರಲಿಲ್ಲ.
'ಸಾಕು' ಅಂದೆ.

ಕರಕರ ಸದ್ದು. ಮತ್ತೆ ಏನೂ ಇಲ್ಲ.
ಅವನು ಬಲೆ ಬಿಚ್ಚಿರಬೇಕು.
ದೇವಗಡದ ದೀಪದ ಹತ್ತಿರ ನಾವು ಬರುವಾಗ
ಸತ್ತ ಬಂಗಡೆ, ಹೊಟ್ಟೆ ಮೇಲಾಗಿ,
ನಮ್ಮ ಬೋಟಿಗಿಂತ ಮೊದಲೇ ದಡಕ್ಕೆ ಹೊರಟಿದ್ದವು.
ಮಗಳ ಸುದ್ದಿ ನನ್ನ ಬಾಯಲ್ಲೇ ಇತ್ತು.

ಧಕ್ಕೆಯಲ್ಲಿ ಮೊದಲ ಲಾರಿಗೆ ಬುಟ್ಟಿಗೆ ಸಾವಿರದ ಇನ್ನೂರು.
ಎಂಟು ಗಂಟೆಗೆ ನಾನೂರು.
ಎಂಟೂವರೆಗೆ ಗೊಬ್ಬರದ ಮಿಲ್ಲಿನವನು ಬಂದು
ಕಾಲಲ್ಲಿ ಬುಟ್ಟಿ ಜರುಗಿಸಿ ನೋಡಿದ.
ಅಂದರೆ ನಾನು ಬೇಕು ಅಂದಿದ್ದರೂ ಏನಾಗುತ್ತಿತ್ತು?
ಹೀಗೆ ನನಗೆ ನಾನೇ ಹೇಳಿಕೊಂಡದ್ದು
ಮೂರು ಸಲ.

ಮರುರಾತ್ರಿ ಜಯವಂತನೇ ಹಗ್ಗ ಎಸೆದ.
ಮಾತಿಲ್ಲ. 'ಲಾಭ' ಅಂದ, ಗಂಟಲು ಒಣಗಿದವನ ಹಾಗೆ.
ಎರಡು. ಮೂರು.
ಹದಿನಾಲ್ಕಕ್ಕೆ ನಾನು ಪುಸ್ತಕದಿಂದ ತಲೆಯೆತ್ತದೆ
'ಮಗಳು ಪಾಸಂತೆ, ಗಣಿತ' ಅಂದೆ.
ಬುಟ್ಟಿ ಹಿಡಿದ ಕೈ ನಡುವಿನಲ್ಲಿ ನಿಂತಿತು,
ಕೆಳಗೆ ಟಯರು ಕಿರುಗುಟ್ಟಿತು,
'ಕೈ, ಕೈ!' ಅಂತ ಕೂಗಿದ ಖೇಮು.
ಜಯವಂತ ಬುಟ್ಟಿ ದಾಟಿಸಿ
'ಹದಿನಾರು' ಅಂದ.

ನಾನು ತಿದ್ದಲಿಲ್ಲ.
ಧಣಿಯ ಲೆಕ್ಕದಲ್ಲಿ ಅದು ಈಗಲೂ ಇದೆ,
ಕೊಟ್ಟದ್ದಕ್ಕೆ ದುಡ್ಡು ಸಂದಿದೆ,
ಧಕ್ಕೆಗೆ ಮಾತ್ರ ಬರಲಿಲ್ಲ
ಆ ಹದಿನೈದನೆಯ ಬುಟ್ಟಿ.